ಮಾಲ್ಡೀವಿಯನ್ ಡೆಮಾಕ್ರಟಿಕ್ ಪಾರ್ಟಿ

ಮಾಲ್ಡೀವಿಯನ್ ಡೆಮಾಕ್ರಟಿಕ್ ಪಾರ್ಟಿ (ಎಂಡಿಪಿ) ಹಿಂದೂ ಮಹಾಸಾಗರದ ದ್ವೀಪರಾಷ್ಟ್ರವಾದ ಮಾಲ್ಡೀವ್ಸ್‌ನ ಒಂದು ಪ್ರಮುಖ ರಾಜಕೀಯ ಪಕ್ಷ. ಹಳದಿ ಇದರ ಗುರುತಿನ ಬಣ್ಣ. ಆ ದೇಶದಲ್ಲಿ ಬಹುಪಕ್ಷೀಯ ಪ್ರಜಾಪ್ರಭುತ್ವವು ಬೇರೂರಲು ನಡೆದ ಹೋರಾಟದೊಂದಿಗೆ ಈ ಪಕ್ಷದ ಇತಿಹಾಸ ಹೆಣೆದುಕೊಂಡಿದೆ.

ಹಿನ್ನೆಲೆ ಮತ್ತು ಸ್ಥಾಪನೆ

೧೯೭೮ರಿಂದ ಮೌಮೂನ್ ಅಬ್ದುಲ್ ಗಯೂಮ್ ಅವರು ದೇಶದ ಅಧ್ಯಕ್ಷರಾಗಿದ್ದರು. ಆಗ ಅಧ್ಯಕ್ಷರ ಆಯ್ಕೆಯಲ್ಲಿ ಜನರಿಗೆ ಪೈಪೋಟಿಯ ಅಭ್ಯರ್ಥಿಗಳಿರಲಿಲ್ಲ. ಸಂಸತ್ತಾದ ಮಜ್ಲಿಸ್ ಸೂಚಿಸಿದ ಒಬ್ಬ ವ್ಯಕ್ತಿಗೆ 'ಹೌದು' ಅಥವಾ 'ಇಲ್ಲ' ಎಂದು ಮತ ನೀಡಬೇಕಿತ್ತು. ೨೦೦೧ರಲ್ಲಿ ಪಕ್ಷದ ನೋಂದಣಿಗೆ ಸಲ್ಲಿಸಿದ ಅರ್ಜಿ ತಿರಸ್ಕೃತವಾಯಿತು. ೨೦೦೩ರ ಸೆಪ್ಟೆಂಬರ್‌ನಲ್ಲಿ ಮಾಫುಶಿ ಸೆರೆಮನೆಯಲ್ಲಿ ಇವಾನ್ ನಸೀಮ್ ಎಂಬ ಯುವಕ ಹೊಡೆತದಿಂದ ಮೃತಪಟ್ಟಾಗ ರಾಜಧಾನಿ ಮಾಲೆಯಲ್ಲಿ ಗಲಭೆಗಳಾದವು. ಅದೇ ವರ್ಷದ ನವೆಂಬರ್ ೧೦ರಂದು ದೇಶಭ್ರಷ್ಟ ನಾಯಕರು ಶ್ರೀಲಂಕಾದ ಕೊಲಂಬೊದಲ್ಲಿ ಪಕ್ಷದ ಸ್ಥಾಪನೆಯನ್ನು ಘೋಷಿಸಿದರು. ೨೦೦೫ರ ಜೂನ್‌ನಲ್ಲಿ ಮಜ್ಲಿಸ್ ರಾಜಕೀಯ ಪಕ್ಷಗಳಿಗೆ ಅವಕಾಶ ಕಲ್ಪಿಸಿತು. ಅದೇ ತಿಂಗಳು ಎಂಡಿಪಿ ನೋಂದಣಿಗೊಂಡಿತು.

ಮೊದಲ ಅಧಿಕಾರಾವಧಿ

೨೦೦೮ರಲ್ಲಿ ಹೊಸ ಸಂವಿಧಾನ ಜಾರಿಗೆ ಬಂದಿತು. ಆ ವರ್ಷದ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ ಗಯೂಮ್ ಅವರೇ ಮುಂದಿದ್ದರು. ಆದರೆ ಸೋತ ಇತರ ಅಭ್ಯರ್ಥಿಗಳ ಬೆಂಬಲ ದೊರೆತುದರಿಂದ ಎರಡನೆಯ ಸುತ್ತಿನಲ್ಲಿ ಎಂಡಿಪಿಯ ಮೊಹಮದ್ ನಶೀದ್ ಗೆದ್ದರು. ಸಮುದ್ರಮಟ್ಟದ ಏರಿಕೆಯತ್ತ ವಿಶ್ವದ ಗಮನ ಸೆಳೆಯಲು ೨೦೦೯ರ ಅಕ್ಟೋಬರ್‌ನಲ್ಲಿ ಅವರು ನೀರಿನಡಿಯಲ್ಲಿ ಸಚಿವ ಸಂಪುಟದ ಸಭೆ ನಡೆಸಿದರು. ಮೈತ್ರಿ ಮಾತ್ರ ಬಹುಬೇಗ ಮುರಿಯಿತು. ಪ್ರತಿಭಟನೆ ಹಾಗೂ ಪೊಲೀಸರ ಬಂಡಾಯದ ನಡುವೆ ೨೦೧೨ರ ಫೆಬ್ರವರಿ ೭ರಂದು ನಶೀದ್ ರಾಜೀನಾಮೆ ನೀಡಿದರು. ಪಕ್ಷವು ಇದನ್ನು ಕ್ಷಿಪ್ರಕ್ರಾಂತಿಯೆಂದು ಕರೆಯಿತು; ತನಿಖಾ ಆಯೋಗವು ಆ ವಾದವನ್ನು ಒಪ್ಪಲಿಲ್ಲ. ೨೦೧೩ರ ಚುನಾವಣೆಯಲ್ಲಿ ಅವರು ಅಬ್ದುಲ್ಲಾ ಯಾಮೀನ್ ಅವರೆದುರು ಅಲ್ಪ ಅಂತರದಿಂದ ಸೋತರು. ೨೦೧೫ರಲ್ಲಿ ಭಯೋತ್ಪಾದನಾ ಕಾಯಿದೆಯಡಿ ಅವರಿಗೆ ೧೩ ವರ್ಷಗಳ ಸೆರೆವಾಸ ವಿಧಿಸಲಾಯಿತು.

ಮರಳಿ ಅಧಿಕಾರ ಮತ್ತು ಒಡಕು

೨೦೧೮ರಲ್ಲಿ ವಿರೋಧಪಕ್ಷಗಳ ಒಮ್ಮತದ ಅಭ್ಯರ್ಥಿಯಾಗಿ ಎಂಡಿಪಿಯ ಇಬ್ರಾಹಿಂ ಮೊಹಮದ್ ಸೋಲಿಹ್ ಜಯಗಳಿಸಿದರು. ೨೦೧೯ರಲ್ಲಿ ಪಕ್ಷವು ಮಜ್ಲಿಸ್‌ನ ೮೭ ಸ್ಥಾನಗಳಲ್ಲಿ ೬೫ನ್ನು ಪಡೆಯಿತು. ಸಭಾಧ್ಯಕ್ಷರಾದ ನಶೀದ್ ಅವರಿಗೂ ಸೋಲಿಹ್ ಅವರಿಗೂ ಕ್ರಮೇಣ ಭಿನ್ನಾಭಿಪ್ರಾಯ ಬೆಳೆಯಿತು. ೨೦೨೩ರ ಆರಂಭದಲ್ಲಿ ಅಧ್ಯಕ್ಷೀಯ ಅಭ್ಯರ್ಥಿಯ ಆಯ್ಕೆಗಾಗಿ ಪಕ್ಷದೊಳಗೆ ನಡೆದ ಚುನಾವಣೆಯಲ್ಲಿ ಸೋತ ನಶೀದ್, ಅದೇ ವರ್ಷ ಪಕ್ಷವನ್ನು ತೊರೆದರು. ಸೆಪ್ಟೆಂಬರ್‌ನಲ್ಲಿ ಸೋಲಿಹ್ ಅವರು ಮೊಹಮದ್ ಮುಯಿಜ್ಜು ಅವರೆದುರು ಪರಾಭವಗೊಂಡರು. ೨೦೨೪ರ ಸಂಸತ್ ಚುನಾವಣೆಯಲ್ಲಿ ಎಂಡಿಪಿಗೆ ದೊರೆತದ್ದು ೯೩ರಲ್ಲಿ ೧೨ ಸ್ಥಾನಗಳು ಮಾತ್ರ. ಎರಡು ಬಾರಿಯೂ ಇತರರ ಬೆಂಬಲದಿಂದ ಅಧ್ಯಕ್ಷ ಪದವಿಗೇರಿದ ಪಕ್ಷವು, ಮೊದಲ ಬಾರಿ ಮೈತ್ರಿಯ ಬಿರುಕಿನಿಂದಲೂ ಎರಡನೆಯ ಬಾರಿ ತನ್ನೊಳಗಿನ ಒಡಕಿನಿಂದಲೂ ದುರ್ಬಲಗೊಂಡಿತು.