ತಪಾಸಣೆ ಉಚಿತ, ಆದರೂ ಕೆಲವು ಗರ್ಭಿಣಿಯರು ಏಕೆ ತಡವಾಗಿ ಬರುತ್ತಾರೆ?

“ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲ ಪುಕ್ಕಟೆ. ಆದರೂ ಬಸುರಿಯನ್ನು ತೋರಿಸಲ್ಲ ಅಂದರೆ ಅದು ಅಸಡ್ಡೆ” ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಇದರಲ್ಲಿ ಅರ್ಧ ಮಾತ್ರ ನಿಜ. ತಪಾಸಣೆ, ಕಬ್ಬಿಣಾಂಶದ ಮಾತ್ರೆ, ತಾಯಿ ಕಾರ್ಡ್ ಎಲ್ಲವೂ ಉಚಿತ. ಪ್ರತಿ ತಿಂಗಳ 9ರಂದು ವೈದ್ಯರಿಂದ ವಿಶೇಷ ತಪಾಸಣೆಯೂ ಇರುತ್ತದೆ. ಆದರೆ ಅಲ್ಲಿಗೆ ಹೋಗಲು ಕಳೆಯುವ ದಿನ ಉಚಿತವಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಬ್ಬಿನ ಸೀಮೆ. ಹಂಗಾಮು ಶುರುವಾದರೆ ಬೇರೆ ಜಿಲ್ಲೆಗಳಿಂದ, ಮಹಾರಾಷ್ಟ್ರದಿಂದ ಕಟಾವಿನ ಗ್ಯಾಂಗುಗಳು ಬರುತ್ತವೆ. ಅವರಲ್ಲಿ ಜಮೀನಿಲ್ಲದ ದಲಿತ, ಲಂಬಾಣಿ ಕುಟುಂಬಗಳು ಹಲವು. ಗಂಡ ಕಡಿದರೆ ಹೆಂಡತಿ ಕಟ್ಟುತ್ತಾಳೆ, ಕೂಲಿ ಟನ್ನಿನ ಲೆಕ್ಕದಲ್ಲಿ. ಅವಳು ಒಂದು ದಿನ ಆಸ್ಪತ್ರೆಗೆ ಹೋದರೆ ಇಬ್ಬರ ಕೂಲಿಗೂ ಪೆಟ್ಟು, ಪಡೆದ ಮುಂಗಡ ತೀರುವುದು ಇನ್ನೂ ತಡ. ಊರಲ್ಲಿ ಅವಳ ಹೆಸರು ಬರೆದುಕೊಂಡ ಆಶಾ ಕಾರ್ಯಕರ್ತೆ ಅಲ್ಲೇ ಉಳಿದಿರುತ್ತಾಳೆ. ಇಲ್ಲಿನ ಆಶಾಗೆ ಗುಡಿಸಲಿನಲ್ಲಿ ಒಬ್ಬ ಬಸುರಿ ಇದ್ದಾಳೆಂದು ಗೊತ್ತಾಗುವ ಹೊತ್ತಿಗೆ ಐದಾರು ತಿಂಗಳು ತುಂಬಿರಬಹುದು. ಇದನ್ನು ಅಸಡ್ಡೆ ಎನ್ನುವುದು ಅನ್ಯಾಯ.

ತಡವಾದರೆ ಏನಾಗುತ್ತದೆ? ಮಗುವಿನ ಬೆನ್ನುಹುರಿಯಾಗುವ ನಾಳ ಗರ್ಭ ನಿಂತ ಸುಮಾರು ನಾಲ್ಕು ವಾರದಲ್ಲೇ ಮುಚ್ಚಿಕೊಳ್ಳುತ್ತದೆ. ಫೋಲಿಕ್ ಆಮ್ಲದ ಮಾತ್ರೆ ಅದಕ್ಕೆ ಮುಂಚೆಯೇ ಬೇಕು. ಗರ್ಭಿಣಿಯರ ರಕ್ತದೊತ್ತಡ ಸಾಮಾನ್ಯವಾಗಿ 20 ವಾರದ ನಂತರ, ಮೊದಮೊದಲು ಯಾವ ಲಕ್ಷಣವೂ ಇಲ್ಲದೆ ಏರಬಹುದು. ಆದ್ದರಿಂದ ಒಮ್ಮೆ ತೋರಿಸಿ ಬಂದರೆ ಮುಗಿಯಲಿಲ್ಲ. ಕನಿಷ್ಠ ನಾಲ್ಕು ತಪಾಸಣೆ ಬೇಕು, ಮೊದಲನೆಯದು 12 ವಾರದೊಳಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ. 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಎರಡು ವಾರ ಮಾತ್ರೆ ನುಂಗಿದರೆ ಅದು ಸರಿಹೋಗದು.

ಬೆಳಗಾವಿಯೂ ಭಾಗವಹಿಸಿದ, ಆರು ದೇಶಗಳ ಸುಮಾರು 12,000 ಚೊಚ್ಚಲ ಗರ್ಭಿಣಿಯರ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಪಡೆದವರಲ್ಲಿ ಅವಧಿಪೂರ್ವ ಹೆರಿಗೆ ಶೇ. 13.1ರಿಂದ 11.6ಕ್ಕೆ ಇಳಿದಿತ್ತು. (ವೈದ್ಯರು ಹೇಳದೆ ನೀವಾಗಿಯೇ ತೆಗೆದುಕೊಳ್ಳಬೇಡಿ.) ಮಾತ್ರೆ ಅಗ್ಗ, ಆದರೆ ಅಲ್ಲಿ ಅದನ್ನು ಶುರು ಮಾಡಿದ್ದು 6ರಿಂದ 14ನೇ ವಾರದೊಳಗೆ. ಐದನೇ ತಿಂಗಳಲ್ಲಿ ಪತ್ತೆಯಾದವಳಿಗೆ ಆ ಅವಕಾಶ ಆಗಲೇ ಕೈತಪ್ಪಿರುತ್ತದೆ.

ತವರಿಗೆ ಹೋದರೂ, ಕಟಾವಿಗೆ ಹೋದರೂ ತಾಯಿ ಕಾರ್ಡ್ ಜೊತೆಗಿರಲಿ. ಬೇರೆ ಊರಿನವಳೆಂಬ ಕಾರಣಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರ ತಪಾಸಣೆ ನಿರಾಕರಿಸುವಂತಿಲ್ಲ. ನಿಮ್ಮ ಹೊಲಕ್ಕೆ ಗ್ಯಾಂಗ್ ಬಂದಿದ್ದರೆ, ಅದರಲ್ಲಿ ಬಸುರಿಯರಿದ್ದಾರೆಯೇ ಎಂದು ಕೇಳಿ ಆಶಾಗೆ ಒಂದು ಫೋನ್ ಮಾಡಿ.