ಸರ್ಪಾಕಾರದ ತಾಮ್ರಪಥಗಳಲ್ಲಿ ಸಂಕೇತದ ವಿಳಂಬ

ಗಣಕಯಂತ್ರದ ಮುದ್ರಿತ ವಿದ್ಯುನ್ಮಂಡಲ ಫಲಕವನ್ನು ಪರೀಕ್ಷಿಸಿದರೆ, ಪ್ರೊಸೆಸರಿಗೂ ಮೆಮೊರಿ ಚಿಪ್ಪುಗಳಿಗೂ ನಡುವಣ ಕೆಲವು ತಾಮ್ರದ ಗೆರೆಗಳು ನೇರವಾಗಿ ಹೋಗದೆ ಹಾವಿನಂತೆ ಬಳುಕಿರುವುದು ಕಂಡುಬರುತ್ತದೆ. ಇದು ಅಲಂಕಾರವಲ್ಲ. ಹತ್ತಿರದ ದಾರಿಯುಳ್ಳ ಸಂಕೇತವನ್ನು ಬೇಕೆಂದೇ ತಡಮಾಡಿಸಿ, ದೂರದ ದಾರಿಯಲ್ಲಿ ಬರುವ ಸಂಕೇತಗಳೊಡನೆ ಏಕಕಾಲದಲ್ಲಿ ಮುಟ್ಟಿಸುವ ಉಪಾಯ. ಉದ್ದವು ಸಮವಾದರೆ ಕಾಲವೂ ಸಮವಾಗುವುದೆಂಬ ನಂಬಿಕೆ ಇದರ ಹಿಂದಿದೆ. ಆ ನಂಬಿಕೆ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಇಲ್ಲಿ ವಿಚಾರಿಸೋಣ.

ವಿದ್ಯುತ್ಕಾಂತೀಯ ತರಂಗವು ಶೂನ್ಯದಲ್ಲಿ ಒಂದು ನ್ಯಾನೊಸೆಕೆಂಡಿಗೆ ಸುಮಾರು 30 ಸೆಂಟಿಮೀಟರು ಸಾಗುತ್ತದೆ. ಫಲಕದಲ್ಲಾದರೋ ಅದು ಸಾಗುವುದು ತಾಮ್ರವನ್ನು ಸುತ್ತುವರಿದ ನಿರೋಧಕ ವಸ್ತುವಿನಲ್ಲಿ. ಅದರ ವೇಗವು ಆ ವಸ್ತುವಿನ ಪರಾವೈದ್ಯುತಾಂಕದ ವರ್ಗಮೂಲಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಗಾಜಿನ ನಾರು ಮತ್ತು ಎಪಾಕ್ಸಿಗಳಿಂದಾದ ಫಲಕಕ್ಕೆ ಈ ಅಂಕವು 4ಕ್ಕಿಂತ ತುಸು ಹೆಚ್ಚು. ಲೆಕ್ಕದ ಸೌಲಭ್ಯಕ್ಕಾಗಿ 4 ಎಂದೇ ಹಿಡಿದರೆ, ಫಲಕದೊಳಗೆ ಹುದುಗಿದ ಗೆರೆಯಲ್ಲಿ ವೇಗವು ಅರ್ಧಕ್ಕಿಳಿದು, ಪ್ರತಿ ಸೆಂಟಿಮೀಟರಿಗೆ ಸುಮಾರು 67 ಪಿಕೊಸೆಕೆಂಡು ಬೇಕಾಗುತ್ತದೆ. ಸೆಕೆಂಡಿಗೆ 320 ಕೋಟಿ ಬಿಟ್ಟುಗಳು ಸಾಗುವ ಗೆರೆಯಲ್ಲಿ ಒಂದು ಬಿಟ್ಟಿಗೆ ದೊರೆಯುವ ಅವಧಿ 312.5 ಪಿಕೊಸೆಕೆಂಡು ಮಾತ್ರ. ಎರಡು ದಾರಿಗಳ ನಡುವೆ 3 ಸೆಂಟಿಮೀಟರಿನ ಅಂತರವಿದ್ದರೆ ಆ ಅವಧಿಯ ಸುಮಾರು ಮೂರನೆಯ ಎರಡು ಭಾಗ ಅದರಲ್ಲಿಯೇ ಕಳೆದುಹೋಗುತ್ತದೆ. ಬಿಟ್ಟು ತಪ್ಪಾಗಿ ಓದಲ್ಪಡಲು ಇಷ್ಟೇ ಸಾಕು.

ಇನ್ನು ಬಳುಕಿನ ಮಾತು. ಸರ್ಪಾಕಾರದ ಪಥದಲ್ಲಿ ಒಂದು ತೋಳಿನ ಪಕ್ಕದಲ್ಲಿಯೇ ಮುಂದಿನ ತೋಳು ಸಮಾನಾಂತರವಾಗಿ ಮರಳುತ್ತದೆ. ಮೊದಲನೆಯ ತೋಳಿನಲ್ಲಿ ತರಂಗವು ಮುಂದುವರಿಯುವಾಗ, ಅದರ ವಿದ್ಯುತ್ ಮತ್ತು ಕಾಂತಕ್ಷೇತ್ರಗಳು ನೆರೆಯ ತೋಳಿನಲ್ಲಿ ಒಂದು ಸಣ್ಣ ಅಲೆಯನ್ನು ಪ್ರೇರಿಸುತ್ತವೆ. ಈ ಅಲೆಯು ಮೂಲತರಂಗಕ್ಕೆ ವಿರುದ್ಧ ದಿಕ್ಕಿನಲ್ಲಿ ಚಲಿಸುತ್ತದೆ. ಆದರೆ ಎರಡನೆಯ ತೋಳೂ ವಿರುದ್ಧ ದಿಕ್ಕಿಗೇ ತಿರುಗಿರುವುದರಿಂದ, ಆ ದಿಕ್ಕೇ ಗ್ರಾಹಕದ ಕಡೆಗಿನ ದಿಕ್ಕಾಗುತ್ತದೆ! ಹೀಗೆ ಸಂಕೇತದ ಒಂದಂಶವು ತಿರುವನ್ನು ಸುತ್ತದೆ, ಅಡ್ಡದಾರಿ ಹಿಡಿದು ಮುಂಚಿತವಾಗಿ ತಲಪುತ್ತದೆ. ಗ್ರಾಹಕದಲ್ಲಿ ವೋಲ್ಟೇಜು ಒಮ್ಮೆಗೇ ಏರದೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ; ನಿಯತಮಿತಿಯನ್ನು ನಿರೀಕ್ಷೆಗಿಂತ ಬೇಗನೆ ದಾಟಲೂ ಬಹುದು. ಆದುದರಿಂದ ಇಂತಹ ಪಥದ ವಾಸ್ತವ ವಿಳಂಬವು ಉದ್ದದಿಂದ ಎಣಿಸಿದ ವಿಳಂಬಕ್ಕಿಂತ ಕಡಿಮೆಯಾಗುತ್ತದೆ.

ಇದಕ್ಕೆ ಪರಿಹಾರಗಳೂ ಇದೇ ಕಾರಣದಿಂದ ಹೊರಡುತ್ತವೆ. ತೋಳುಗಳ ನಡುವಣ ಅಂತರವು, ಗೆರೆಗೂ ಸಮೀಪದ ಭೂಸಂಪರ್ಕ ಪದರಕ್ಕೂ ಇರುವ ದೂರದ ಮೂರು ನಾಲ್ಕು ಪಟ್ಟಾದರೂ ಇದ್ದರೆ ಪ್ರೇರಣೆಯು ಬಹಳ ತಗ್ಗುತ್ತದೆ. ತೋಳುಗಳು ಗಿಡ್ಡವಾಗಿರುವುದೂ ಮೇಲು: ಸಂಕೇತದ ಏರಿಕೆಗೆ 100 ಪಿಕೊಸೆಕೆಂಡು ಹಿಡಿಯುವುದಾದರೆ, ಮೇಲಿನ ಲೆಕ್ಕದ ಫಲಕದಲ್ಲಿ 7.5 ಮಿಲಿಮೀಟರಿಗಿಂತ ಗಿಡ್ಡವಾದ ತೋಳಿನಲ್ಲಿ ಪ್ರೇರಿತ ಅಲೆಯು ತನ್ನ ಪೂರ್ಣ ಎತ್ತರವನ್ನು ಮುಟ್ಟಲಾರದು.

ನಕ್ಷೆಯಲ್ಲಿ ಅಳತೆಗೋಲಿಟ್ಟು ಉದ್ದಗಳನ್ನು ಸರಿಗೂಡಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ವಿದ್ಯಾರ್ಥಿಗಳು ಭಾವಿಸಬಾರದು. ಸಮಮಾಡಬೇಕಾದುದು ಉದ್ದವನ್ನಲ್ಲ, ಕಾಲವನ್ನು. ಮತ್ತು ಕಾಲವನ್ನು ನಿರ್ಣಯಿಸುವುದು ತಾಮ್ರದ ಗೆರೆಯೊಂದೇ ಅಲ್ಲ, ಅದರ ಸುತ್ತಲಿನ ಕ್ಷೇತ್ರವೂ ಹೌದು.