ವಲಸೆ ನಿಂತಿತು, ಟೊಮೆಟೊ ಗಟ್ಟಿಯಾಯಿತು

ಎರಡನೆಯ ಮಹಾಯುದ್ಧದಲ್ಲಿ ಹೊಲಗಳಿಗೆ ಆಳುಗಳ ಕೊರತೆಯಾದಾಗ ಅಮೆರಿಕ 1942ರಲ್ಲಿ ಮೆಕ್ಸಿಕೊದೊಡನೆ ಒಪ್ಪಂದ ಮಾಡಿಕೊಂಡಿತು. ‘ಬ್ರಸೆರೊ’ ಎಂಬ ಈ ಯೋಜನೆಯಡಿ ಮೆಕ್ಸಿಕೊದ ಗಂಡಾಳುಗಳು ಕರಾರಿನ ಮೇಲೆ ಬಂದು, ಕೆಲಸ ಮುಗಿಸಿ ಊರಿಗೆ ಮರಳಬೇಕಿತ್ತು. ಯುದ್ಧ ಮುಗಿದರೂ ಯೋಜನೆ ಮುಗಿಯಲಿಲ್ಲ. 22 ವರ್ಷಗಳಲ್ಲಿ 40 ಲಕ್ಷಕ್ಕೂ ಹೆಚ್ಚು ಕರಾರುಗಳಾದವು.

ಅಗ್ಗದ ಆಳುಗಳಿಂದ ಸ್ಥಳೀಯರ ಕೂಲಿ ಏರುತ್ತಿಲ್ಲ ಎಂಬ ಆಕ್ಷೇಪ ಬಲವಾಗಿ, 1964ರ ಕೊನೆಗೆ ಯೋಜನೆಯನ್ನು ನಿಲ್ಲಿಸಲಾಯಿತು. ಆದರೆ ಎಣಿಸಿದ್ದೇ ಒಂದು, ಆಗಿದ್ದೇ ಇನ್ನೊಂದು. ಬ್ರಸೆರೊಗಳು ತುಂಬಿದ್ದ ರಾಜ್ಯಗಳಲ್ಲೂ ಅವರಿಲ್ಲದ ರಾಜ್ಯಗಳಲ್ಲೂ ಕೂಲಿ ಹೆಚ್ಚುಕಡಿಮೆ ಒಂದೇ ಗತಿಯಲ್ಲಿ ಸಾಗಿತ್ತೆಂದು 2018ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ತೋರಿಸಿತು. ಜಮೀನುದಾರರು ಕೂಲಿ ಏರಿಸುವ ಬದಲು ಯಂತ್ರ ತಂದಿದ್ದರು. ಯಂತ್ರಕ್ಕೆ ಒಗ್ಗದ ಕೆಲವು ಬೆಳೆಗಳನ್ನು ಕಡಿಮೆ ಮಾಡಿದ್ದರು.

ಕ್ಯಾಲಿಫೋರ್ನಿಯಾದ ಟೊಮೆಟೊ ಇದಕ್ಕೆ ಒಳ್ಳೆಯ ಉದಾಹರಣೆ. ಡೇವಿಸ್‌ನ ವಿಶ್ವವಿದ್ಯಾಲಯದಲ್ಲಿ ಕೊಯ್ಲು ಯಂತ್ರ ಮೊದಲೇ ಸಿದ್ಧವಾಗಿತ್ತು. ಆದರೆ ಆಳುಗಳು ಸಿಗುತ್ತಿದ್ದಷ್ಟು ಕಾಲ ಅದನ್ನು ಕೊಳ್ಳುವವರು ವಿರಳ. ಗಿಡವನ್ನೇ ಬುಡದಿಂದ ಕತ್ತರಿಸುವ ಯಂತ್ರವದು. ಹಾಗಾಗಿ ಕಾಯಿಗಳೆಲ್ಲ ಒಟ್ಟಿಗೆ ಹಣ್ಣಾಗಬೇಕು, ಪೆಟ್ಟು ಬಿದ್ದರೂ ಒಡೆಯಬಾರದು. ಅಂಥ ಗಟ್ಟಿ ತಳಿಯನ್ನು ಅದೇ ವಿಶ್ವವಿದ್ಯಾಲಯದ ತಳಿತಜ್ಞ ಜ್ಯಾಕ್ ಹನ್ನಾ ರೂಪಿಸಿದ್ದರು. 1960ರ ದಶಕ ಮುಗಿಯುವಷ್ಟರಲ್ಲಿ ಸಾಸ್, ಕೆಚಪ್‌ಗೆ ಹೋಗುವ ಟೊಮೆಟೊ ಬಹುಪಾಲು ಯಂತ್ರದ ಪಾಲಾಗಿತ್ತು. ಯಂತ್ರ ಕೊಳ್ಳಲಾಗದ ಸಣ್ಣ ಬೆಳೆಗಾರರು ಆ ಬೆಳೆಯನ್ನೇ ಬಿಟ್ಟರು. ಆದರೆ ಕೈಯಿಂದಲೇ ಬಿಡಿಸಬೇಕಾದ ಸ್ಟ್ರಾಬೆರಿಯಂಥ ಬೆಳೆಗಳಿಗೆ ಯೋಜನೆ ನಿಂತ ಮೇಲೂ ಮೆಕ್ಸಿಕೊದ ಆಳುಗಳು ಬರುತ್ತಲೇ ಇದ್ದರು, ಅನೇಕರು ಕಾಗದಪತ್ರವಿಲ್ಲದೆ.